ಅರವತ್ತೊಂದನೇ ಹೆಸರು

ಜೂನ್ 15, ಭಾನುವಾರ

...ಅದಲ್ಲ ಕಣೇ ನಾನು ಹೇಳಕ್ಕೆ ಹೊರಟಿದ್ದು. ಬೇಜಾರ್ ಮಾಡ್ಕೋಬೇಡ ಸುವರ್ಣಾ, ಮತ್ತೆ ಮೊದ್ಲಿಂದ ಶುರು ಮಾಡ್ತಾ ಇದೀನಿ. ಇದು ಮೂರನೇ ಸಲ. ಮೊದ್ಲನೇ ಸಲ ಕಾಲು ಗಂಟೆ ಮಾತಾಡಿ ನೋಡ್ತೀನಿ, ಬೆರಳು ಜಾರಿಬುಟ್ಟೈತೆ, ಒಂದಕ್ಷರಾನೂ ರೆಕಾರ್ಡ್ ಆಗಿಲ್ಲ. ಎರಡನೇದನ್ನ ನಾನೇ ಅಳಿಸ್ಬುಟ್ಟೆ. ಹಾಕ್ಕೊಂಡು ಕೇಳಿದ್ರೆ ಆಗಸ್ಟ್ ಹದಿನೈದರ ಭಾಷಣ ಇದ್ದಂಗಿತ್ತು. ಕಟ್ಟಿಕೊಂಡ ಹೆಂಡ್ತಿ ಹತ್ರ ಮಾತಾಡಕ್ಕೆ ಗಂಟಲು ಸರಿ ಮಾಡ್ಕೊಳ್ಳೋ ಕಾಲ ಬಂತು ನೋಡು ನಂಗೆ.

ಹತ್ತು ದಿನ ಆಯ್ತು ನಾನೊಂದು ಮಾತೂ ಕಳಿಸಿ. ಬೈಕೋ, ತಪ್ಪು ನಂದೇ. ಪಾವಗಡದ ಕಡೆ ಬಿಸಿಲು ಕಮ್ಮಿ ಆಯ್ತಾ? ನಿನ್ನ ರೂಮಿನ ಫ್ಯಾನು ಕಿರ್ ಕಿರ್ ಅಂತಿತ್ತಲ್ಲ, ಬಾಡಿಗೆ ಮನೆಯವ್ರು ಸರಿ ಮಾಡಿಸ್ಕೊಟ್ರಾ? ನಾನು ಇಷ್ಟುದ್ದ ಕೇಳ್ತೀನಿ, ನೀನು ‘ಹೂಂ’ ಅಂತ ಒಂದು ಮೆಸೇಜ್ ಹಾಕ್ತೀಯ. ಮದುವೆ ಆದ ಹೊಸದ್ರಲ್ಲಿ ನಿಂಗೆ ಕಾಗದ ಬರೀತಿದ್ನಲ್ಲ, ಆಗ ನೀನೂ ಎರಡು ಪುಟ ತುಂಬಿಸ್ತಿದ್ದೆ. ಈಗ ನಂಗೆ ಪೆನ್ನು ಹಿಡಿದ್ರೆ ಸೈನ್ ಬುಟ್ರೆ ಬೇರೆ ಬರಲ್ಲ. ಅದಕ್ಕೇ ಈ ಬಾಯಿ ಕಾಗದ.

ಈಗ ಅಟ್ಟದ ಮೇಲೆ ಕೂತಿದೀನಿ. ಇಲ್ಲಿ ಮಾತ್ರ ಸಿಗ್ನಲ್ಲು ನೆಟ್ಟಗೆ ಬತ್ತದೆ. ಸುತ್ತಾ ಕಾಯಿ. ಹೋದ ಆಷಾಢದಲ್ಲಿ ಏರಿಸಿದ್ದು, ಅರ್ಧಕ್ಕರ್ಧ ಒಣಗಿ ಕೊಬ್ಬರಿ ಆಗೈತೆ, ಅಲ್ಲಾಡಿಸಿದ್ರೆ ಒಳಗೆ ಗಡಗಡ ಅಂತವೆ. ಉಳಿದವು ಇನ್ನೂ ನೀರು ಕುಡಿದು ಕೂತವೆ. ಅವ್ವನ ಮಂಡಿ ನೋವು ಹಂಗೇ ಐತೆ, ಬಾಯಿ ಮಾತ್ರ ಗಟ್ಟಿಮುಟ್ಟಾಗೈತೆ. ನಿನ್ನೆ ನಂಗೆ, “ಐವತ್ತಾಯ್ತಲ್ಲ, ಒಂದು ಸೌತೆಕಾಯಿ ಸಮ ಹೆಚ್ಚಕ್ಕೆ ಬರಲ್ವೇನ್ಲಾ” ಅಂದ್ಲು. ನಿನ್ನ ಮಗಳು ವರ್ಷಿಣಿ ಏಳನೇ ಕ್ಲಾಸಿಗೆ ಹೋಗ್ತಾವ್ಳೆ. ಹೋದ ತಿಂಗಳು ನೀನು ಬಂದಾಗ ಅಳತೆ ಕೊಟ್ಟು ಹೊಲಿಸಿದ ಲಂಗ ಆಗ್ಲೇ ಎರಡು ಬೆರಳು ಗಿಡ್ಡ ಆಗೈತೆ.

ಆ ಹೋದ ತಿಂಗಳದ್ದೇ ನಂಗೆ ಮನಸ್ಸಿಂದ ಹೋಗ್ತಿಲ್ಲ ಕಣೇ. ನೀನು ಜಗುಲಿ ಮೇಲೆ ಕೂತು ಅವಳಿಗೆ ಜಡೆ ಹಾಕ್ತಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದೆ. “ಹೋಂವರ್ಕ್ ಆಯ್ತಾ?” ಅಂದೆ ನೀನು. “ಆಯ್ತು” ಅಂದ್ಲು. “ಊಟ ಸರಿಯಾಗಿ ಮಾಡ್ತೀಯಾ?” ಅಂದೆ. “ಮಾಡ್ತೀನಿ” ಅಂದ್ಲು. ಬಸ್ಸಲ್ಲಿ ಪಕ್ಕ ಕೂತ ಯಾರೋ ಇಬ್ರು ಮಾತಾಡ್ದಂಗಿತ್ತು. ಜಡೆ ಮುಗೀತು, ರಿಬ್ಬನ್ ಕಟ್ಟಿದೆ, ಇಬ್ರೂ ಎದ್ದು ಒಬ್ಬೊಬ್ರು ಒಂದೊಂದು ಕಡೆ ಹೋದ್ರಿ. ಮೊದ್ಲು ಹಂಗಿತ್ತಾ? ಸ್ಕೂಲಿಂದ ಬತ್ತಾ ನಿಮ್ಮಿಬ್ರ ಬಾಯಿ ಕೆರೆ ಏರಿ ಮೇಲೆ ಬರೋವಾಗ್ಲೇ ಮನೇಗೆ ಕೇಳಿಸ್ತಿತ್ತಲ್ಲ.

ಸರಿ, ವಿಷಯಕ್ಕೆ ಬತ್ತೀನಿ. ಶುಕ್ರವಾರ ಹೆಡ್‌ಮಾಸ್ಟ್ರು ರವೀಂದ್ರ ಸಿಕ್ಕಿದ್ರು. ಈ ತಿಂಗಳ ಕೊನೇಗೆ ಮಕ್ಕಳ ಎಣಿಕೆಯಂತೆ. ನಮ್ಮೂರ ಸ್ಕೂಲಲ್ಲಿ ಈಗ ಐವತ್ತೇಳು. ಅರವತ್ತೊಂದು ತಲೆ ತೋರಿಸಿದ್ರೆ ಮೂರನೇ ಟೀಚರ್ ಪೋಸ್ಟ್ ಮತ್ತೆ ಕೇಳಬಹುದಂತೆ. ಅಂದ್ರೆ ನಿನ್ನ ಪೋಸ್ಟು. ನಾಲ್ಕೇ ನಾಲ್ಕು ಮಕ್ಕಳು ಸುವರ್ಣಾ! ನಾನು ಅವತ್ತೇ ಅಂದ್ಕೊಂಡೆ, ಊರೆಲ್ಲಾ ಸುತ್ತಿಯಾದ್ರೂ ನಾಲ್ಕು ಮಕ್ಕಳನ್ನ ತರ್ತೀನಿ, ನಿನ್ನ ಮನೇಗೆ ಕರ್ಕೊಂಡ್ ಬತ್ತೀನಿ ಅಂತ.

ನಿಂಗೆ ಗೊತ್ತಿರೋದೇ, ಆದ್ರೂ ನನ್ನ ಬಾಯಿಂದ ಒಂದ್ಸಲ ಬರ್ಲಿ. ಎರಡು ವರ್ಷದ ಕೆಳಗೆ ಇದೇ ಸ್ಕೂಲಲ್ಲಿ ಅರವತ್ತೊಂದು ಮಕ್ಕಳಿದ್ರು. ವರ್ಷಿಣಿ ನಾಲ್ಕನೇ ಕ್ಲಾಸು ಮುಗಿಸಿದ್ಲು, ನಿನ್ನ ಹತ್ರಾನೇ ಓದಿದ್ಲು. ನೀನು ತುಮಕೂರಿಗೆ ಟ್ರೈನಿಂಗ್ ಅಂತ ಹೋಗಿದ್ದ ನಾಲ್ಕು ದಿನದಲ್ಲಿ ನಾನು ಅವಳ ಟಿ.ಸಿ. ತಗೊಂಡು ತಿಪಟೂರಿನ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆ. ಅವಳೇ ಹಠ ಮಾಡಿದ್ಲು, ಅಮ್ಮನ ಸ್ಕೂಲು ಬೇಡ ಅಂದ್ಲು, ಎಲ್ರೂ ಮಿಸ್ ಮಗಳು ಅಂತ ಆಡ್ಕೊತಾರಂತೆ ಅಂತ ನಿಂಗೆ ಹೇಳಿದ್ನಲ್ಲ. ನೀನು, ಟ್ರೈನಿಂಗ್‌ನಲ್ಲಿ ಕೊಟ್ಟ ಬ್ಯಾಗನ್ನ ಕೆಳಗಿಟ್ಟು ಒಳಗೆ ಹೋಗಿ ಮುಖ ತೊಳ್ಕೊಂಡೆ. ಆ ವರ್ಷ ಎಣಿಸಿದಾಗ ಅರವತ್ತು. ಅರವತ್ತಕ್ಕೆ ಇಬ್ರೇ ಟೀಚರ್ ಸಾಕು ಅಂದ್ರು, ದೀಪಾವಳಿ ಕಳೀತಿದ್ದಂಗೆ ನೀನು ಹೆಚ್ಚುವರಿ ಅಂತ ಆರ್ಡರ್ ಬಂತು, ಪಾವಗಡಕ್ಕೆ ಹಾಕಿದ್ರು. ಒಂದು ತಲೆ, ಒಂದೇ ಒಂದು.

ಆಗ ನಂಗೆ ಬೇರೆ ಏನೂ ಕಾಣಿಸ್ತಿರ್ಲಿಲ್ಲ ಕಣೇ, ಭಯ ಒಂದೇ. ಕಾಲ ಬದಲಾಗ್ತೈತೆ, ಕಾಲ ಬದಲಾಗ್ತೈತೆ ಅಂತ ಎಲ್ರ ಬಾಯಲ್ಲೂ ಅದೇ. ನಮ್ಮಪ್ಪಂಗೂ ಅದೇ ಭಯ ಇತ್ತು. ತೊಂಬತ್ಮೂರರಲ್ಲಿ ನನ್ನನ್ನ ತಿಪಟೂರಿಗೆ ಟೈಪಿಂಗ್‌ಗೆ ಹಾಕಿದ್ದ. ಸೈಕಲ್ ತುಳ್ಕೊಂಡು ಸ್ಟೇಷನ್‌ಗೆ ಹೋಗಿ, ರೈಲಲ್ಲಿ ಹೋಗಿ, ಒಂದು ಗಂಟೆ ಟಕ ಟಕ ಹೊಡೆದು ಬರೋದು. ಕನ್ನಡ ಸೀನಿಯರ್ ಪಾಸ್ ಮಾಡಿದೆ, ಅದೂ ಫಸ್ಟ್ ಕ್ಲಾಸು. ನಾನು ಪಾಸಾಗಿ ಸರ್ಟಿಫಿಕೇಟು ಹಿಡ್ಕೊಂಡು ಆಫೀಸಿಗೆ ಹೋಗೋ ಹೊತ್ತಿಗೆ ಆ ಮಿಷನ್ನುಗಳನ್ನ ಮೂಲೇಗೆ ಇಟ್ಟು ಮೇಲೆ ಗೋಣಿಚೀಲ ಹೊದಿಸಿದ್ರು. ಕಂಪ್ಯೂಟರ್ ಬರುತ್ತೇನಪ್ಪ ಅಂತ ಕೇಳಿದ್ರು. ವಾಪಸ್ ಬಂದು ತೋಟಕ್ಕೆ ನೀರು ಬುಟ್ಟೆ. ನನ್ನ ಮಗಳಿಗೆ ಹಂಗಾಗಬಾರ್ದು ಅಂತ ಇತ್ತು ಅಷ್ಟೇ.

ಇವತ್ತು ಬೆಳಿಗ್ಗೆ ಮೊದ್ಲು ಕೆರೆ ಕೋಡಿ ರಂಗಯ್ಯನ ಮನೇಗೆ ಹೋದೆ. ಅವನ ಮಗ ಸೊಸೆ ಅಮ್ಮಸಂದ್ರದಿಂದ ವಾಪಸ್ ಬಂದವ್ರೆ, ಇಲ್ಲೇ ಹಸ ಕಟ್ತಾರಂತೆ. ಎರಡು ಮೊಮ್ಮಕ್ಕಳು. ರಂಗಯ್ಯ ನನ್ನ ಮಾತೆಲ್ಲಾ ಕೇಳಿ, ಎಲೆಅಡಿಕೆ ಉಗಿದು ಬಂದು, “ತೋಂಟಣ್ಣ, ಇಷ್ಟೆಲ್ಲಾ ಯಾಕೆ ಹೇಳ್ತೀಯ? ಟೀಚರಮ್ಮ ವಾಪಸ್ ಬತ್ತಾರೆ ಅನ್ನು ಸಾಕು. ನಾಳೇನೇ ಕಳಿಸ್ತೀನಿ” ಅಂದ. ನಿನ್ನ ಹೆಸರಿಗೆ ಇರೋ ಬೆಲೆ ನನ್ನ ಭಾಷಣಕ್ಕಿಲ್ಲ ನೋಡು.

ಐವತ್ತೊಂಬತ್ತಾಯ್ತು. ಇನ್ನೆರಡು. ಅವ್ವ ಕೂಗ್ತಾವ್ಳೆ, ಸಾರು ಇಳಿಸ್ಬೇಕಂತೆ. ಇಂತಿ ನಿನ್ನ ತೋಂಟದಾರ್ಯ. ನಗಬೇಡ, ಬಾಯಿ ಕಾಗದಕ್ಕೂ ಸೈನ್ ಬೇಕಲ್ಲ.

ಜೂನ್ 18, ಬುಧವಾರ

ಸುವರ್ಣಾ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕೇಳ್ತೀಯೇನೋ ಅಂತ ಬೇಗ ಮಾಡ್ತಿದೀನಿ. ಭಾನುವಾರದ್ದು ನೀನು ಕೇಳಿದೀಯ, ಎರಡು ಗೀಟೂ ನೀಲಿ ಆಗವೆ. ಉತ್ತರ ಬರ್ಲಿಲ್ಲ. ಇರ್ಲಿ, ಅಡ್ಮಿಷನ್ ಕಾಗದ ಬರೆಯೋದಿರ್ತದೆ, ಗೊತ್ತು.

ಅರವತ್ತಾಯ್ತು ಕಣೇ! ಅರವತ್ತನೆಯವಳು ಯಾರು ಅಂದ್ರೆ ನೀನು ನಂಬಲ್ಲ. ಕಾಯಿ ಸುಲಿಯೋ ಕೆಲಸಕ್ಕೆ ಬಿಹಾರದಿಂದ ಒಂದು ಸಂಸಾರ ಬಂದೈತೆ, ನಮ್ಮ ಹಿಂದಲ ಶೆಡ್ಡಲ್ಲಿ ಅವ್ರೆ. ಆರು ವರ್ಷದ ಹುಡುಗಿ, ಮೋನಿಕಾ ಅಂತ. ಕನ್ನಡ ಒಂದಕ್ಷರ ಬರಲ್ಲ. ಅವರಪ್ಪಂಗೆ ನಾನು ಕೈಯಲ್ಲಿ ಬಾಯಲ್ಲಿ ಎಲ್ಲಾ ಹೇಳಿ, ಕೊನೇಗೆ ಆ ಹುಡುಗೀನ ಕರ್ಕೊಂಡು ಹೋಗಿ ಹೆಡ್‌ಮಾಸ್ಟ್ರ ಮುಂದೆ ನಿಲ್ಲಿಸಿದೆ. ಅಡಿಗೆ ಮೀನಾಕ್ಷಮ್ಮ ಬಗ್ಗಿ ನೋಡಿ, “ಅಯ್ಯೋ ಕಂದ, ಅನ್ನ ಉಣ್ಣಕ್ಕೆ ಯಾವ ಭಾಷೆ ಬೇಕು, ಬಾ” ಅಂತ ತಟ್ಟೆ ಕೊಟ್ಲು. ನಮ್ಮ ಮಕ್ಕಳು ಹೊರಗಿನ ಪ್ರಪಂಚಕ್ಕೆ ಹೋಗಕ್ಕೆ ತಯಾರಾಗ್ಬೇಕು ಅಂತ ನಾವು ಒದ್ದಾಡ್ತೀವಿ. ಪ್ರಪಂಚ ಆಗ್ಲೇ ನಮ್ಮ ಶೆಡ್ಡಿಗೆ ಬಂದು ಒಲೆ ಹಚ್ಚೈತೆ. ನೀನಿದ್ದಿದ್ರೆ ಆ ಹುಡುಗಿಗೆ ಎರಡು ತಿಂಗಳಲ್ಲಿ ಕನ್ನಡ ಕಲಿಸಿ, ನೀನೂ ಹಿಂದಿ ಕಲ್ತು ಬುಡ್ತಿದ್ದೆ.

ಇನ್ನೊಂದು ಬೇಕಲ್ಲ. ನಿನ್ನೆ ಕಾಂತೇಶನ ಮನೇಗೆ ಹೋದೆ. ಹೌದು, ಆ ಹಳದಿ ವ್ಯಾನಿನ ಕಾಂತೇಶನೇ, ನಮ್ಮೂರ ಮಕ್ಕಳನ್ನ ತಿಪಟೂರಿಗೆ ತುಂಬ್ಕೊಂಡು ಹೋಗೋನು. ಅವನ ಮಗಳು ಸ್ಪಂದನ ಮೂರನೇ ಕ್ಲಾಸು. ಕೇಳೋದಕ್ಕೇನು ಅಂತ ಹೋದೆ.

“ಏನಣ್ಣ, ನನ್ನ ವ್ಯಾನಿನ ಸೀಟು ಖಾಲಿ ಮಾಡ್ಸು ಅಂತ ನನ್ನನ್ನೇ ಕೇಳಕ್ಕೆ ಬಂದ್ಯಾ? ಭಂಡ ಧೈರ್ಯ ಕಣಣ್ಣ ನಿಂದು” ಅಂದ.

“ಎಲ್ರನ್ನೂ ಕೇಳ್ತಿಲ್ಲ ಕಣ್ಲಾ, ನಿನ್ನ ಮಗಳು ಒಬ್ಳು” ಅಂದೆ.

“ನಿನ್ನ ಮಗಳು ನನ್ನ ವ್ಯಾನಲ್ಲಿ ಮುಂದಿನ ಸೀಟು, ನನ್ನ ಮಗಳು ಊರ ಸ್ಕೂಲಲ್ಲಿ ಚಾಪೆ ಮೇಲೆ. ಚೆನ್ನಾಗೈತೆ ನ್ಯಾಯ. ಮೊದ್ಲು ನಿನ್ನ ಮಗಳನ್ನ ವಾಪಸ್ ತಗೊಂಡ್ ಬಾ ಹೋಗು.”

ತರಂಗಿಲ್ವಲ್ಲ ಸುವರ್ಣಾ. ಅವಳು ಏಳನೇ ಕ್ಲಾಸು, ನಮ್ಮೂರ ಸ್ಕೂಲಿರೋದು ಐದರವರೆಗೆ. ಕಿತ್ತಿದ್ದ ಜಾಗಕ್ಕೆ ಅದನ್ನೇ ವಾಪಸ್ ನೆಡಕ್ಕೆ ಈಗ ಆಗಲ್ಲ.

ಕಾಂತೇಶನ ಹೆಂಡ್ತಿ ಒಳಗಿಂದ ಬಂದ್ಲು. ಪಾಪ, ಅವಳು ಕುಹಕ ಆಡ್ಲಿಲ್ಲ, ನಿಜವಾಗ್ಲೂ ಕೇಳಿದ್ಲು. “ಅಲ್ಲಿ ಕಂಪ್ಯೂಟರ್ ಹೇಳ್ಕೊಡ್ತಾರೆ ಕಣಣ್ಣ. ಇನ್ನ ಹತ್ತು ವರ್ಷಕ್ಕೆ ಎಲ್ಲಾ ಕೆಲ್ಸಾನೂ ಮಿಷನ್ನೇ ಮಾಡ್ತವಂತೆ. ಆಗ ನಮ್ಮುಡುಗಿ ಏನ್ ಮಾಡ್ಬೇಕು ಹೇಳು. ನಿಮ್ಮ ಸ್ಕೂಲಲ್ಲಿ ಅದಕ್ಕೇನು ಕಲಿಸ್ತಾರೆ?”

ನಿನ್ನ ಕಾಯಿ ಪಾಠ ಹೇಳಿದೆ. ಮಳೆ ಹಿಡಿಯೋ ಹೊತ್ತಿಗೆ ಒಬ್ಬೊಬ್ಬ ಮಗೂಗೂ ಒಂದೊಂದು ಕಾಯಿ, ಸಿಪ್ಪೆ ಮೇಲೆ ಹೆಸರು ಬರೆದು ನಮ್ಮ ಅಟ್ಟಕ್ಕೆ ಏರಿಸ್ತಿದ್ದೆಯಲ್ಲ. ಯಾವ ತಿಂಗಳಿಗೆ ಒಳಗಿನ ನೀರು ಬತ್ತಿ ಗಡಗಡ ಅಂತದೆ ಅಂತ ಮೊದ್ಲೇ ನೋಟ್ಸಲ್ಲಿ ಬರೀಬೇಕು. ತಿಂಗಳಿಗೊಂದ್ಸಲ ಬಂದು ತೂಕ ಹಾಕ್ಬೇಕು, ಕಿವಿ ಹತ್ರ ಇಟ್ಟು ಅಲ್ಲಾಡಿಸ್ಬೇಕು, ಬರೀಬೇಕು. ಕೊನೇಗೆ ಒಡೆದು ನೋಡ್ಬೇಕು.

ಕಾಂತೇಶ ಬಿದ್ದು ಬಿದ್ದು ನಕ್ಕ. “ಕಾಯಿ ಅಲ್ಲಾಡಿಸೋದು ಕಲಿಯಕ್ಕೆ ಸ್ಕೂಲಿಗೆ ಹೋಗ್ಬೇಕೇನಣ್ಣ? ನಮ್ಮಜ್ಜಿಗೆ ಕಣ್ಣು ಕಾಣ್ಸಲ್ಲ, ಅವಳೇ ಹೇಳ್ತಾಳೆ ಯಾವ್ದರಲ್ಲಿ ನೀರೈತೆ ಅಂತ!”

ನಂಗೆ ರೇಗ್ತು. ಅಲ್ಲಾಡಿಸೋದಲ್ಲ ಕಣ್ಲಾ ಪಾಠ ಅಂದೆ. ವರ್ಷಿಣಿ ಏನು ಮಾಡಿದ್ಲು ಅಂತ ಹೇಳಿದೆ. ಅವಳು ಯುಗಾದಿಗೆ ನೀರು ಬತ್ತಿರ್ತದೆ ಅಂತ ಬರ್ದಿದ್ಲು. ಯುಗಾದಿ ದಿನ ಹೊಸ ಲಂಗ ಹಾಕ್ಕೊಂಡು ಅಟ್ಟ ಹತ್ತಿ ಅಲ್ಲಾಡಿಸಿದ್ರೆ, ಗುಳುಗುಳು ನೀರು. ಅತ್ಲು. ನಾನು ನಿನ್ನ ಮುಖ ನೋಡ್ದೆ, ಸಮಾಧಾನ ಮಾಡ್ತೀಯೇನೋ ಅಂತ. ನೀನು ನೋಟ್ಸು ಕೈಗೆ ಕೊಟ್ಟು, “ಮೊದ್ಲು ಬರಿ, ಆಮೇಲೆ ಅಳು” ಅಂದೆ. ಅವಳು ಮೂಗು ಒರೆಸ್ಕೊಂಡು ಬರೆದ್ಲು. ‘ನಾನು ಅಂದುಕೊಂಡಿದ್ದು ಯುಗಾದಿ. ಆದರೆ ಆಗಿಲ್ಲ. ಯಾಕೆ ಅಂತ ಗೊತ್ತಿಲ್ಲ. ಕಂಡುಹಿಡಿಯಬೇಕು.’ ಇದು ಕಣಮ್ಮ ನಮ್ಮ ಸ್ಕೂಲಲ್ಲಿ ಕಲಿಸೋದು ಅಂತ ಕಾಂತೇಶನ ಹೆಂಡ್ತಿಗೆ ಹೇಳ್ದೆ. ನಂಗೆ ಟೈಪಿಂಗ್ ಕಲಿಸಿದ್ರು. ಅಂದ್ಕೊಂಡಿದ್ದು ಆಗ್ದೆ ಇದ್ದಾಗ ಏನು ಮಾಡ್ಬೇಕು ಅಂತ ಯಾರೂ ಕಲಿಸ್ಲಿಲ್ಲ. ಅದಕ್ಕೇ ಇನ್ನೂ ಗೋಣಿಚೀಲ ಹೊದ್ದ ಆ ಮಿಷನ್ನು ಕನಸಲ್ಲಿ ಬತ್ತದೆ ಅಂದೆ.

ಅವಳು ಯೋಚನೆ ಮಾಡ್ತಾ ನಿಂತ್ಲು. ಕಾಂತೇಶ ಮಾತ್ರ, “ಅಷ್ಟು ಚೆನ್ನಾಗಿದ್ದಿದ್ರೆ ನೀನ್ಯಾಕೆ ಬಿಡಿಸ್ದೆ?” ಅಂದ. ನಾನು ಎದ್ದು ಬಂದೆ.

ತಿಪಟೂರಿನ ಸ್ಕೂಲು ಕೆಟ್ಟದ್ದು ಅಂತ ನಾನು ಹೇಳಲ್ಲ ಕಣೇ. ಅವರೂ ಕಷ್ಟಪಟ್ಟು ಕಲಿಸ್ತಾರೆ. ವರ್ಷಿಣಿ ಇಂಗ್ಲಿಷ್ ಪೇಪರ್ ಓದ್ತಾಳೆ, ನನ್ನ ಮೊಬೈಲಲ್ಲಿ ಏನೇನೋ ಸರಿ ಮಾಡಿಕೊಡ್ತಾಳೆ. ಆದ್ರೆ ಮನೇಲಿ ಒಂದು ಪ್ರಶ್ನೆ ಕೇಳಲ್ಲ. ಮೊದ್ಲು ಯಾಕಪ್ಪ ಯಾಕಪ್ಪ ಅಂತ ಪ್ರಾಣ ತಿಂತಿದ್ಲಲ್ಲ, ಈಗ ನಾನು ಹೇಳಿದ್ದಕ್ಕೆಲ್ಲಾ ‘ಸರಿ’ ಅಂತಾಳೆ. ನಿನ್ನಂಗೇ.

ಇನ್ನೊಂದು ವಿಷಯ. ಹೇಳ್ಬೇಕೋ ಬೇಡ್ವೋ ಅಂತ ನೋಡ್ತಿದ್ದೆ. ಮೋನಿಕಾನ ಸೇರಿಸಿದ ದಿನ ರವೀಂದ್ರ ಸಾರ್ ನನ್ನನ್ನ ಹೊರಗೆ ಕರೆದ್ರು. “ತಪ್ಪು ತಿಳ್ಕೋಬೇಡಿ ತೋಂಟದಾರ್ಯರೇ. ಪೋಸ್ಟ್ ಬಂದ್ರೂ ಮೇಡಮ್ ಬರ್ತಾರಾ? ಹೋದ ಸಲ ವರ್ಗಾವಣೆಗೆ ಅರ್ಜಿ ಕರೆದಾಗ ಕಂದಿಕೆರೆ ಕಡೆ ಒಂದು ಜಾಗ ಖಾಲಿ ಇತ್ತು. ನಾನೇ ಫೋನ್ ಮಾಡಿ ಹೇಳಿದ್ದೆ. ನೋಡ್ತೀನಿ ಸಾರ್ ಅಂದ್ರು. ಕೊನೇಗೆ ಹಾಕ್ಲೇ ಇಲ್ಲ” ಅಂದ್ರು.

ನಂಗೆ ನೀನು ‘ಜಾಗ ಸಿಗ್ಲಿಲ್ಲ ಕಣ್ರೀ’ ಅಂದಿದ್ದೆ. ಸಿಗ್ಲಿಲ್ವಾ, ಕೇಳ್ಲಿಲ್ವಾ? ಜಗಳಕ್ಕೆ ಕೇಳ್ತಿಲ್ಲ. ಅವತ್ತಿಂದ ತೋಟದಲ್ಲಿ ಯಾವ ಮರದ ಹತ್ರ ನಿಂತ್ರೂ ಅದೇ ತಲೇಲಿ ಬತ್ತದೆ. ಕಂದಿಕೆರೆ ಅಂದ್ರೆ ಇಲ್ಲಿಗೆ ಅರ್ಧ ಗಂಟೆ ದಾರಿ. ದಿನಾ ಸಾಯಂಕಾಲ ನೀನು ಮನೇಲಿರ್ತಿದ್ದೆ.

ಹಾಲಿನವನು ಬಂದ. ಇಡ್ತೀನಿ.

ಜೂನ್ 21, ಶನಿವಾರ

ಸುವರ್ಣಾ, ಬುಧವಾರ ನಾನು ಹಂಗೆ ಕೇಳ್ಬಾರ್ದಿತ್ತು. ಮೂರು ದಿನದಿಂದ ‘ಹೂಂ’ ಕೂಡಾ ಬಂದಿಲ್ಲ. ಕೋಪ ಇದ್ರೆ ಕೋಪಾನೇ ಕಳಿಸು, ತಗೋತೀನಿ.

ಸಿಹಿ ಸುದ್ದಿ ಮೊದ್ಲು ಹೇಳ್ತೀನಿ. ಅರವತ್ತೊಂದು ಆಯ್ತು! ಇವತ್ತು ಮಧ್ಯಾಹ್ನ ಆಯ್ತು. ಯೋಗದ ದಿನ ಅಂತ ಸ್ಕೂಲು ಬೇಗ ಬುಟ್ಟಿತ್ತು. ನಾನು ಅರಳಿಕಟ್ಟೆ ಹತ್ರ ವರ್ಷಿಣಿಗೆ ಕಾಯ್ತಾ ನಿಂತಿದ್ದೆ. ವ್ಯಾನು ಬಂತು, ಉಳಿದ ಮಕ್ಕಳೆಲ್ಲಾ ಇಳಿದು ಓಡಿದ್ರು. ಕಾಂತೇಶ ನನ್ನ ನೋಡಿ ಕೆಳಗಿಳಿದ. ನಮ್ಮಿಬ್ರಿಗೂ ಮತ್ತೆ ಮಾತಿಗೆ ಮಾತು ಬೆಳೀತು. ಕೊನೇಗೆ ಅವನು, “ಹಂಗಾದ್ರೆ ಮಕ್ಕಳನ್ನೇ ಕೇಳೋಣ, ಅವರು ಹೇಳ್ದಂಗೆ” ಅಂತ ಸ್ಪಂದನಾನ ಕರೆದು, “ಲೇ ಪುಟ್ಟಿ, ಊರ ಸ್ಕೂಲಿಗೆ ಹೋಗ್ತೀಯೇನೇ?” ಅಂದ. ಅವಳು ಒಂದು ಗಳಿಗೆ ಯೋಚನೆ ಮಾಡಿ, “ಅಲ್ಲಿ ಮಧ್ಯಾಹ್ನ ಮನೇಗೆ ಬಂದು ನಾಯಿಮರಿ ನೋಡಿ ಹೋಗಬಹುದಾ?” ಅಂದ್ಲು. ಬಹುದು ಅಂದೆ. “ಹಂಗಾದ್ರೆ ಹೋಗ್ತೀನಿ” ಅಂದ್ಲು. ನಾನು ಕಾಯಿ ಪಾಠ ಅಂತ ಕೊರೆದಿದ್ದೆಲ್ಲಾ ಅತ್ಲಾಗಿರ್ಲಿ, ಒಂದು ನಾಯಿಮರಿ ಕೆಲ್ಸ ಮಾಡ್ತು!

ಕಾಂತೇಶ ಮುಖ ಇಷ್ಟು ಮಾಡ್ಕೊಂಡ, ಆದ್ರೆ ಮಾತಿಗೆ ತಪ್ಪೋನಲ್ಲ. ಅವನ ಹೆಂಡ್ತಿಗೂ ಒಳಗೊಳಗೇ ಮನಸ್ಸಿತ್ತು ಅಂತ ಕಾಣ್ತದೆ, “ಆ ಟೀಚರಮ್ಮ ಬತ್ತಾರೆ ಅಂತ ಗ್ಯಾರಂಟಿ ತಾನೇ ಅಣ್ಣ?” ಅಂತ ಎರಡು ಸಲ ಕೇಳಿದ್ಲು. ಸೋಮವಾರ ಹೆಸರು ಬರೆಸ್ತಾರೆ. ರವೀಂದ್ರ ಸಾರ್‌ಗೆ ಫೋನ್ ಮಾಡಿದ್ರೆ, “ಇನ್ನು ಮೇಡಮ್‌ಗೆ ಬಿಟ್ಟಿದ್ದು” ಅಂದ್ರು.

ಅದೇ ನಾನು ಹೇಳೋದೂನೂ. ಪೋಸ್ಟು ತಕ್ಷಣ ಬರಲ್ಲ, ಕಾಗದ ಮೇಲಕ್ಕೆ ಹೋಗ್ಬೇಕು, ಕೆಳಕ್ಕೆ ಬರ್ಬೇಕು. ಆದ್ರೆ ಈ ಸಲ ಅರ್ಜಿ ಕರೆದಾಗ ಹಾಕೇ. ಅಲ್ಲಿನ ಮಕ್ಕಳನ್ನ ಬುಟ್ಟು ಬರಕ್ಕೆ ನಿಂಗೆ ಕಷ್ಟ ಅಂತ ಗೊತ್ತು. ಇಲ್ಲಿ ರಂಗಯ್ಯನ ಮೊಮ್ಮಕ್ಕಳು, ಮೋನಿಕಾ, ಸ್ಪಂದನ, ಎಲ್ರೂ ಯಾರನ್ನೋ ಕಾಯ್ತಾವ್ರೆ ಅಂತ ಅನ್ನಿಸ್ತದೆ. ನಾನೂ. ಸಾಯಂಕಾಲ ಐದು ಗಂಟೆಗೆ ಕೆರೆ ಏರಿ ಕಡೆ ಕಣ್ಣು ತಾನಾಗೇ ಹೋಗ್ತದೆ ಕಣೇ, ಒಂದೂವರೆ ವರ್ಷ ಆದ್ರೂ. ಕೊಡೆ ಹಿಡ್ಕೊಂಡು ಯಾರಾದ್ರೂ ಬಂದ್ರೆ ಸಾಕು, ಹತ್ರ ಬರೋವರ್ಗೂ ನೀನೇ.

ಅವ್ವ ನಿಂಗೆ ಒಳ್ಳೇದಾಗ್ಲಿ ಅಂತ ಹೇಳು ಅಂದ್ಲು. ಜೊತೆಗೆ, ಬರೋವಾಗ ಕಡ್ಲೆಕಾಯಿ ಹುರಿದಿದ್ದು ಬೇಡ, ಹಸೀದು ತರಬೇಕಂತೆ. ನಿನ್ನ ಅಲ್ಲಿನ ಮಕ್ಕಳೆಲ್ಲಾ ಚೆನ್ನಾಗಿ ಓದ್ಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವ್ರು ನಿನ್ನ ತಣ್ಣಗಿಟ್ಟಿರ್ಲಿ.

ಇಂತಿ ನಿನ್ನ ತೋಂಟದಾರ್ಯ.

ಜೂನ್ 21, ಅದೇ ಸಾಯಂಕಾಲ

ಇನ್ನೊಂದು ಮಾತು ಸುವರ್ಣಾ. ಹಿಂದಿನದನ್ನ ಕಳಿಸ್ಬುಟ್ಟು ಕೆಳಗಿಳಿಯಕ್ಕೆ ಹೋದೆ, ಏಣಿ ಮೇಲೆ ಒಂದು ಕಾಲಿಟ್ಟು ವಾಪಸ್ ಬಂದೆ. ವ್ಯಾನಿನ ಹತ್ರ ಆಗಿದ್ದನ್ನ ನಾನು ಪೂರ್ತಿ ಹೇಳ್ಲಿಲ್ಲ.

ಕಾಂತೇಶ ಕೇಳಿದ್ದು ಮತ್ತೆ ಅದೇ. “ನಿಜ ಹೇಳಣ್ಣ, ನಿನ್ನ ಮಗಳನ್ನ ಯಾಕೆ ಬಿಡಿಸ್ದೆ?” ಎರಡು ವರ್ಷದಿಂದ ಊರಲ್ಲಿ ಅವರಿವರಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿ ಆಗೋಗೈತಲ್ಲ, ಬಾಯಿಗೆ ಬಂದ್ಬುಡ್ತು. “ಅವಳೇ ಹಠ ಮಾಡಿದ್ಲು ಕಣಪ್ಪ, ನಾನೇನ್ ಮಾಡ್ಲಿ” ಅಂದೆ. ವರ್ಷಿಣಿ ಇನ್ನೂ ಇಳಿದಿರ್ಲಿಲ್ಲ. ಮುಂದಿನ ಸೀಟಲ್ಲಿ, ತೊಡೆ ಮೇಲೆ ಬ್ಯಾಗಿಟ್ಕೊಂಡು ಕೂತಿದ್ಲು. ನಂಗೆ ಜ್ಞಾಪಕಾನೇ ಇರ್ಲಿಲ್ಲ.

ಕಾಂತೇಶ ತಿರುಗಿ, “ಹೌದೇನವ್ವ?” ಅಂದ.

ಅವಳು ನನ್ನ ನೋಡಿದ್ಲು. ಕಣ್ಣು ಮಿಟುಕಿಸದೆ ನೋಡಿದ್ಲು. ಆಮೇಲೆ, “ಹೂಂ ಮಾಮ. ನಾನೇ ಹೇಳಿದ್ದು” ಅಂದ್ಲು. ಆ ಮಾತು ನಂಬಿ ಕಾಂತೇಶ ಮಕ್ಕಳು ಹೇಳ್ದಂಗೆ ಕೇಳೋಣ ಅಂದಿದ್ದು.

ಮನೇಗೆ ನಡ್ಕೊಂಡು ಬತ್ತಾ ಮೋರಿ ದಾಟಿದ್ಮೇಲೆ ಕೇಳಿದ್ಲು, “ಅಪ್ಪಾ, ನಾನು ಹೋಗಲ್ಲ ಅಂತ ದಿನವೆಲ್ಲಾ ಊಟ ಬಿಟ್ಟಿದ್ನಲ್ಲ, ನೀನು ಮರೆತೇ ಬಿಟ್ಯಾ?” ಇಲ್ಲ ಕಣವ್ವ ಅಂದೆ. “ಮತ್ತೆ ಯಾಕೆ ಹಂಗೆ ಹೇಳ್ದೆ? ಅಮ್ಮನೇ ಸೇರಿಸು ಅಂತು, ನನ್ನನ್ನ ಅದರ ಕ್ಲಾಸಲ್ಲಿ ಇಟ್ಕೊಳಕ್ಕೆ ಅದಕ್ಕೆ ಇಷ್ಟ ಇಲ್ಲ ಅಂದಿದ್ಯಲ್ಲ. ಅದಕ್ಕೆ ತಾನೇ ನಾನು ಸುಮ್ನೆ ಹೋಗಿದ್ದು?” ಇನ್ನೂ ನಾಲ್ಕು ಹೆಜ್ಜೆ ಬಂದು, “ಅರವತ್ತೊಂದು ಬೇಕು ಅಂತ ಓಡಾಡ್ತಿದೀಯಲ್ಲ. ಅವಾಗ ಅರವತ್ತಾಗಿದ್ದು ನಾನು ಹೋಗಿದ್ದಕ್ಕಾ?” ಅಂದ್ಲು.

ಅವಳು ಲೆಕ್ಕದಲ್ಲಿ ಜಾಣೆ, ನೀನು ಕಲಿಸಿದ್ದು.

ಸುವರ್ಣಾ, ಅವಳು ಹಠ ಮಾಡ್ಲಿಲ್ಲ. ನಿನ್ನ ಸ್ಕೂಲು ಬೇಡ ಅನ್ಲಿಲ್ಲ. ಯಾರೂ ಮಿಸ್ ಮಗಳು ಅಂತ ಆಡ್ಕೊಳ್ಲಿಲ್ಲ, ಆಡ್ಕೊಂಡಿದ್ರೆ ಹೆಮ್ಮೆ ಪಡೋಳು ಅವಳು. ತಿಪಟೂರಿನಲ್ಲಿ ಎರಡೇ ಸೀಟು ಉಳಿದವೆ ಅಂದ್ರು. ನೀನು ಊರಲ್ಲಿರ್ಲಿಲ್ಲ. ಫೋನ್ ಮಾಡಿ ಕೇಳಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು, ನಿನ್ನ ಹತ್ರ ವಾದ ಮಾಡಿ ನಾನು ಯಾವತ್ತು ಗೆದ್ದಿದೀನಿ. ಅವಳು ಅತ್ತಾಗ, ಸುಮ್ಮನಾಗ್ಲಿ ಅಂತ ನಿನ್ನ ಹೆಸರು ಹೇಳ್ದೆ. ನೀನು ಬಂದಾಗ, ನೀನು ಸುಮ್ಮನಾಗ್ಲಿ ಅಂತ ಅವಳ ಹೆಸರು ಹೇಳ್ದೆ. ಕೇಳ್ಬೇಡ, ಅವಳಿಗೆ ನಾಚಿಕೆ ಆಗ್ತದೆ ಅಂತ ಬೇರೆ ಹೇಳ್ದೆ. ನೀನು ಕೇಳ್ಲಿಲ್ಲ. ನಾಲ್ಕು ದಿನ ಆದ್ರೆ ಸರಿಹೋಗ್ತಾರೆ ಅಂದ್ಕೊಂಡಿದ್ದೆ. ಇಬ್ರೂ ಎಷ್ಟು ಚೆನ್ನಾಗಿ ಸುಮ್ಮನಾದ್ರಿ ಅಂದ್ರೆ, ಇವತ್ತಿಗೂ ಮಾತಾಡಿಲ್ಲ.

ನೀನು ಕಂದಿಕೆರೆಗೆ ಯಾಕೆ ಅರ್ಜಿ ಹಾಕ್ಲಿಲ್ಲ ಅಂತ ಬುಧವಾರ ನಿನ್ನ ಕೇಳ್ದೆ ನೋಡು, ನಾಚಿಕೆ ಇಲ್ದೆ. ಹೆತ್ತ ಮಗಳೇ ನಿನ್ನ ಕ್ಲಾಸಲ್ಲಿ ಕೂರಕ್ಕೆ ನಾಚ್ಕೊಂಡ್ಲು ಅಂತ ನಂಬಿಕೊಂಡೋಳು ಯಾವ ಮುಖ ಇಟ್ಕೊಂಡು ಆ ಮನೇಗೆ ದಿನಾ ಬತ್ತಾಳೆ? ಗೊತ್ತಿದ್ದೂ ಕೇಳ್ದೆ. ಮಕ್ಕಳ ತಲೆ ಎಣಿಸ್ಕೊಂಡು ಊರು ಸುತ್ತಿದೆ. ಈ ಮಾತು ಹೇಳೋದಕ್ಕಿಂತ ಅದೇ ಸಲೀಸಾಗಿತ್ತು.

ಅರ್ಜಿ ಹಾಕು ಅಂತ ಇನ್ನ ಹೇಳಲ್ಲ. ಅದು ನಿಂಗೆ ಬುಟ್ಟಿದ್ದು. ನನ್ನ ಮೇಲೆ ಏನಿದ್ರೂ ನನ್ನ ಮೇಲಿರ್ಲಿ. ಆದ್ರೆ ಇಷ್ಟು ದಿನ ಅವಳ ಮೇಲೆ ಇಟ್ಕೊಂಡಿದ್ಯಲ್ಲ, ಅದನ್ನ...

ತಡಿ, ಕೆಳಗೆ ವರ್ಷಿಣಿ ಕರೀತಾವ್ಳೆ.

ಏನವ್ವಾ? ...ಬಂದೆ, ಬಂದೆ! ...ಯಾರೂ ಇಲ್ಲ... ಅಲ್ಲ, ನಿಮ್ಮಮ್ಮನ ಜೊತೆ! ನಿಮ್ಮಮ್ಮನ ಜೊತೆ ಮಾತಾಡ್ತಿದೀನಿ! ...ನೀನು ಹತ್ತಬೇಡ, ನಾನೇ ಇಳಿದು ಬತ್ತೀನಿ. ಅಲ್ಲೇ ಕೂತ್ಕೊ, ನಿಂಗೂ ಇದನ್ನ ಹೇಳ್ಬೇಕು.

ಇಡ್ತೀನಿ ಸುವರ್ಣಾ.